ಓಡುವವನು ತಟ್ಟನೆ ನಿಲ್ಲಲಾರ: ‘ಪ್ರಿನ್ಸ್ ಆಫ್ ಪರ್ಷಿಯಾ’ವನ್ನು ಮತ್ತೆ ಆಡಿದಾಗ

(ಬಳ್ಳಾರಿಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಕಳೆದ ಬೇಸಿಗೆ ರಜೆಗೆ ನನ್ನ ಅಕ್ಕನ ಮಗಳು ನಮ್ಮ ಮನೆಗೆ ಬಂದಿದ್ದಳು. 11 ವರ್ಷದ ಹುಡುಗಿ. ಬಳ್ಳಾರಿಯ ಏಪ್ರಿಲ್ ಬಿಸಿಲಿನ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ತಿಂಡಿ ಮುಗಿಯುವ ಹೊತ್ತಿಗೆ ಬೀದಿ ಖಾಲಿಯಾಗಿರುತ್ತದೆ. ಮನೆಯೊಳಗೇ ಕೂತ ಮಗುವಿಗೆ ಹೊತ್ತು ಹೋಗಲೆಂದು ಲ್ಯಾಪ್‌ಟಾಪಿನಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ’ ಎಂಬ ಹಳೆಯ ಕಂಪ್ಯೂಟರ್ ಆಟ ಹಾಕಿಕೊಟ್ಟೆ. ಒಂದು ನಿಮಿಷವೂ ಆಗಿರಲಿಲ್ಲ, ರಾಜಕುಮಾರ ಹೊಂಡಕ್ಕೆ ಬಿದ್ದ. ಅವಳು ನನ್ನ ಕಡೆ ತಿರುಗಿ ಹೇಳಿದಳು: “ಮಾಮಾ, ನಾನು ಬೆರಳು ತೆಗೆದುಬಿಟ್ಟಿದ್ದೆ. ಆದರೂ ಇವನು ನಿಲ್ಲಲಿಲ್ಲ. ತಪ್ಪು ನನ್ನದಲ್ಲ.”

ಸುಮಾರು ಮೂವತ್ತು ವರ್ಷದ ಹಿಂದೆ ಇದೇ ಊರಿನ ಒಂದು ಕಂಪ್ಯೂಟರ್ ಕೇಂದ್ರದಲ್ಲಿ ಕೂತು ನಾನೂ ಇದೇ ದೂರು ಹೇಳಿದ್ದೆ. ತಪ್ಪು ಆಟದ್ದೇ ಎಂದು ಆಗ ಖಂಡಿತವಾಗಿ ನಂಬಿದ್ದೆ. ಅವಳು ಊರಿಗೆ ಹೋದ ಮೇಲೂ ನಾನು ಆ ಆಟವನ್ನು ಬಿಡದೆ ಆಡಿದೆ, ಮೊದಲಿನಿಂದ ಕೊನೆಯವರೆಗೆ, ಹಲವು ಸಲ. ಆಗ ತಪ್ಪು ಎಂದುಕೊಂಡದ್ದೇ ಈ ಆಟದ ಜೀವ ಎಂದು ಈಗ ಅನ್ನಿಸುತ್ತದೆ. ಆಗ ಮೆಚ್ಚಿ ತಲೆದೂಗಿದ್ದ ಇನ್ನೊಂದು ವಿಷಯದಲ್ಲಿ ನಿಜವಾದ ದೋಷವಿದೆ ಎಂದೂ ಕಂಡಿದೆ. ಈ ಎರಡರ ಬಗ್ಗೆಯೇ ಇವತ್ತು ಮಾತನಾಡುತ್ತೇನೆ.

ನಿಮ್ಮಲ್ಲಿ ಹೆಚ್ಚಿನವರು ಈ ಆಟ ಬಂದ ಮೇಲೆ ಹುಟ್ಟಿದವರು. ಆದ್ದರಿಂದ ನಾಲ್ಕು ಮಾತು. ಇದನ್ನು ಮಾಡಿದವರು ಜೋರ್ಡನ್ ಮೆಕ್ನರ್. 1989ರಲ್ಲಿ ಬ್ರೋಡರ್‌ಬಂಡ್ ಕಂಪನಿ ಆ್ಯಪಲ್ 2 ಯಂತ್ರಕ್ಕಾಗಿ ಬಿಡುಗಡೆ ಮಾಡಿತು. ಮರುವರ್ಷ ಡಾಸ್ ಆವೃತ್ತಿ, ಅಂದರೆ ಆಗಿನ ಪಿಸಿಗಳಲ್ಲಿ ಓಡುವ ರೂಪ ಬಂತು. ನಮ್ಮ ಊರನ್ನು ತಲುಪಿದ್ದು ಅದು. ಕಥೆ ಇಷ್ಟೇ: ಸುಲ್ತಾನ ಯುದ್ಧಕ್ಕೆ ಹೋಗಿದ್ದಾಗ ಮಂತ್ರಿ ಜಾಫರ್ ರಾಜಕುಮಾರಿಯನ್ನು ಸೆರೆಯಲ್ಲಿಡುತ್ತಾನೆ. ತನ್ನನ್ನು ಮದುವೆಯಾಗಬೇಕು, ಇಲ್ಲವೇ ಸಾಯಬೇಕು ಎಂದು ಒಂದು ಗಂಟೆಯ ಗಡುವು ಕೊಡುತ್ತಾನೆ. ನೆಲಮಾಳಿಗೆಯ ಸೆರೆಮನೆಯಿಂದ ಹೊರಟು, ಆ ಒಂದು ಗಂಟೆಯೊಳಗೆ 12 ಹಂತಗಳನ್ನು ದಾಟಿ ನೀವು ಅವಳನ್ನು ತಲುಪಬೇಕು. ಕೈಯಲ್ಲಿ ಕತ್ತಿಯೂ ಇರುವುದಿಲ್ಲ, ಅದನ್ನು ಮೊದಲ ಹಂತದಲ್ಲಿ ಹುಡುಕಿಕೊಳ್ಳಬೇಕು.

ಈಗ ಆ ಹೊಂಡದ ಕಡೆ ಬರೋಣ.

ಬಾಣದ ಗುರುತಿನ ಕೀಲಿ ಒತ್ತಿದರೆ ರಾಜಕುಮಾರ ಓಡಲು ಶುರುಮಾಡುತ್ತಾನೆ. ಮೊದಲ ಹೆಜ್ಜೆಗೆ ಮೈ ಮುಂದಕ್ಕೆ ಬಾಗುತ್ತದೆ, ಆಮೇಲೆ ವೇಗ ಹಿಡಿಯುತ್ತಾನೆ. ಬೆರಳು ತೆಗೆದರೆ ತಕ್ಷಣ ನಿಲ್ಲುವುದಿಲ್ಲ. ಹಿಮ್ಮಡಿ ಊರಿ, ಜಾರಿ, ಮೈಯನ್ನು ಹಿಂದಕ್ಕೆ ತಂದು ನಿಲ್ಲುತ್ತಾನೆ. ತಿರುಗುವುದಕ್ಕೂ ಹೊತ್ತು ಬೇಕು. ಒಮ್ಮೆ ನೆಗೆದರೆ ನೆಗೆದಂತೆಯೇ, ಗಾಳಿಯಲ್ಲಿ ಇರುವಾಗ ಮನಸ್ಸು ಬದಲಾಯಿಸುವಂತಿಲ್ಲ. ಶಿಫ್ಟ್ ಒತ್ತಿ ಎದುರಿನ ಅಂಚನ್ನು ಕೈಯಿಂದ ಹಿಡಿದುಕೊಳ್ಳಬಹುದು, ಅಷ್ಟೇ. 1985ರ ‘ಸೂಪರ್ ಮಾರಿಯೋ’ ಆಡಿದವರಿಗೆ ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ. ಮಾರಿಯೋ ಗಾಳಿಯಲ್ಲಿ ಇರುವಾಗಲೇ ಎಡಕ್ಕೆ ಬಲಕ್ಕೆ ವಾಲುತ್ತಾನೆ. ಗುಂಡಿಯನ್ನು ಎಷ್ಟು ಹೊತ್ತು ಒತ್ತಿದ್ದೀರಿ ಎನ್ನುವುದರ ಮೇಲೆ ಅವನ ಜಿಗಿತದ ಎತ್ತರ ನಿಂತಿದೆ. ಅವನು ನಿಮ್ಮ ಬೆರಳಿನ ಮುಂದುವರಿಕೆ. ಈ ರಾಜಕುಮಾರ ಹಾಗಲ್ಲ, ಅವನಿಗೆ ಅವನದೇ ಮೈ ಇದೆ, ಮೈಗೆ ಭಾರವಿದೆ.

ಈ ಭಾರ ಎಲ್ಲಿಂದ ಬಂತು? ಮೆಕ್ನರ್ 1985ರಲ್ಲಿ ತನ್ನ ತಮ್ಮ ಡೇವಿಡ್‌ಗೆ ಬಿಳಿ ಬಟ್ಟೆ ಹಾಕಿಸಿ, ವಾಹನ ನಿಲ್ಲಿಸುವ ಒಂದು ಬಯಲಿನಲ್ಲಿ ಓಡಿಸಿ, ಹಾರಿಸಿ, ನೇತಾಡಿಸಿ ವಿಡಿಯೊ ಮಾಡಿಕೊಂಡರು. ಆಮೇಲೆ ಒಂದೊಂದೇ ಚೌಕಟ್ಟನ್ನು ನಿಲ್ಲಿಸಿ, ಆಕೃತಿಯನ್ನು ತೆಗೆದು, ಕಂಪ್ಯೂಟರಿಗೆ ಇಳಿಸಿದರು. ಕತ್ತಿವರಸೆಗೆ 1938ರ ಒಂದು ರಾಬಿನ್ ಹುಡ್ ಚಲನಚಿತ್ರದ ಕೊನೆಯ ಕಾಳಗವನ್ನು ಹೀಗೆಯೇ ಬಿಡಿಸಿಕೊಂಡರು. ಅಂದರೆ ನೀವು ಪರದೆಯ ಮೇಲೆ ನೋಡುವುದು ಯಾರೋ ಊಹಿಸಿ ಬರೆದ ಓಟವಲ್ಲ, ನಿಜವಾಗಿ ಓಡಿದ ಒಬ್ಬ ಹುಡುಗನ ಓಟ. ಓಡುವ ಹುಡುಗ ತಟ್ಟನೆ ನಿಲ್ಲಲಾರ. ಹಾಗೆ ನಿಲ್ಲಿಸಿದ್ದರೆ ಆ ವಿಡಿಯೊ ತೆಗೆದದ್ದೇ ವ್ಯರ್ಥವಾಗುತ್ತಿತ್ತು.

ಆದರೆ ಬರೀ ಸಹಜ ಚಲನೆಯಿಂದ ಒಳ್ಳೆಯ ಆಟ ಹುಟ್ಟುವುದಿಲ್ಲ. ನೋಡಲು ಚೆಂದ, ಆಡಲು ಕಷ್ಟ ಎಂಬಂತಹ ಆಟಗಳು ಬೇಕಾದಷ್ಟಿವೆ. ಇಲ್ಲಿ ಮೆಕ್ನರ್ ಮಾಡಿದ ಇನ್ನೊಂದು ಕೆಲಸ ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ. ಮೈ ಎಷ್ಟು ಸಡಿಲವೋ ನೆಲವನ್ನು ಅಷ್ಟೇ ಬಿಗಿಯಾಗಿ ಕಟ್ಟಿದರು. ಪ್ರತಿ ಪರದೆ ಅಡ್ಡಕ್ಕೆ 10 ಮನೆ, ಉದ್ದಕ್ಕೆ 3 ಅಂತಸ್ತು. ಎಲ್ಲ ಕೋಣೆಗಳೂ ಹೀಗೆಯೇ. ಪರದೆ ಪಕ್ಕಕ್ಕೆ ಸರಿಯುವುದಿಲ್ಲ. ಒಂದು ಕೋಣೆಯ ಅಂಚು ದಾಟಿದರೆ ಮುಂದಿನ ಕೋಣೆ ಇಡಿಯಾಗಿ ಬರುತ್ತದೆ. ಹೀಗಾಗಿ ಒಂದೆರಡು ಗಂಟೆ ಆಡಿದವನ ಕಣ್ಣಿಗೆ ಕಂದಕದ ಅಗಲ ಒಂದೇ ನೋಟಕ್ಕೆ ಅಳತೆಯಾಗಿ ಕಾಣತೊಡಗುತ್ತದೆ: ಇದು ನಿಂತು ನೆಗೆಯುವಷ್ಟು, ಅದು ಓಡಿ ಬಂದು ನೆಗೆಯಬೇಕಾದಷ್ಟು.

ಕುಂಟಬಿಲ್ಲೆ ಆಡಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈಯೆತ್ತಿದವರಿಗೆ ನಾನು ಹೇಳುವುದು ಸುಲಭವಾಗಿ ಅರ್ಥವಾಗುತ್ತದೆ. ಬೀದಿಯಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದ ಮೇಲೆ ಮನೆಗಳ ಬಗ್ಗೆ ಯಾರದೂ ತಕರಾರಿಲ್ಲ. ಎಲ್ಲರಿಗೂ ಅದೇ ಮನೆ, ಅದೇ ಗೆರೆ. ಅನುಮಾನ ಇರುವುದು ನಮ್ಮ ಒಂಟಿ ಕಾಲಿನ ಮೇಲೆ. ಬಿಲ್ಲೆ ಎತ್ತಲು ಬಗ್ಗಿದಾಗ ಮೈ ಯಾವ ಕಡೆ ವಾಲುತ್ತದೆ, ಗೆರೆ ತುಳಿಯುತ್ತೇನೋ ಇಲ್ಲವೋ ಎನ್ನುವುದೇ ಆಟ. ಗೆರೆ ಖಚಿತವಾಗಿ ಇರುವುದರಿಂದಲೇ ಮೈಯ ತೂಗಾಟಕ್ಕೆ ಅರ್ಥ ಬರುತ್ತದೆ. ಪ್ರಿನ್ಸ್ ಆಫ್ ಪರ್ಷಿಯಾ ಕಟ್ಟಿರುವುದು ಇದೇ ತಿಳಿವಳಿಕೆಯ ಮೇಲೆ.

ಶಿಫ್ಟ್ ಒತ್ತಿ ನಡೆದರೆ ರಾಜಕುಮಾರ ಒಂದೊಂದೇ ಎಚ್ಚರದ ಹೆಜ್ಜೆ ಇಡುತ್ತಾನೆ. ಕಂದಕದ ಬಾಯಿಗೆ ಬಂದಾಗ ಸರಿಯಾಗಿ ಅಂಚಿನ ಮೇಲೆ ನಿಲ್ಲುತ್ತಾನೆ. ಮತ್ತೊಮ್ಮೆ ಒತ್ತಿದರೆ ಕಾಲು ಮುಂದೆ ಚಾಚಿ, ಕೆಳಗೆ ನೆಲವಿಲ್ಲ ಎಂದು ತಿಳಿದು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಆ ಕಾಲು ಚಾಚುವ ಚಲನೆಯನ್ನು ಅಕ್ಕನ ಮಗಳಿಗೆ ತೋರಿಸಿದಾಗ ಅವಳು ಐದಾರು ಸಲ ಅದನ್ನೇ ಮಾಡಿಸಿ ನೋಡಿದಳು. ಕತ್ತಲಲ್ಲಿ ಮಾಳಿಗೆಯ ಮೆಟ್ಟಿಲು ಇಳಿಯುವಾಗ ನಾವೆಲ್ಲರೂ ಮಾಡುವ ಕೆಲಸ ಅದು.

ಈ ಆಟ ತನ್ನ ನಿಯಮಗಳನ್ನು ಕಲಿಸುವ ಬಗೆಯೂ ಹೀಗೆಯೇ. ಕೆಲವು ಹಾಸುಗಲ್ಲುಗಳು ಸಡಿಲ, ಕಾಲಿಟ್ಟರೆ ಅಲುಗಾಡಿ ಕೆಳಗೆ ಬೀಳುತ್ತವೆ. ಗಟ್ಟಿ ಕಲ್ಲಿಗೂ ಸಡಿಲ ಕಲ್ಲಿಗೂ ಕಣ್ಣಿಗೆ ಕಾಣುವ ವ್ಯತ್ಯಾಸ ಬಹಳ ಕಡಿಮೆ. ಮೋಸ ಎನ್ನಿಸುತ್ತದೆ, ಅಲ್ಲವೇ? ಆದರೆ ನಿಂತಲ್ಲೇ ಒಮ್ಮೆ ಮೇಲಕ್ಕೆ ನೆಗೆದು ನೋಡಿ. ಅದೇ ಸಾಲಿನ ಸಡಿಲ ಕಲ್ಲುಗಳು ಗಡಗಡ ಎಂದು ನಡುಗುತ್ತವೆ. ಕೇಳುವ ತಾಳ್ಮೆ ಇದ್ದವನಿಗೆ ನೆಲವೇ ಉತ್ತರ ಕೊಡುತ್ತದೆ. ಮುಳ್ಳಿನ ಸರಳುಗಳೂ ಹಾಗೆ. ಓಡಿ ನುಗ್ಗಿದರೆ, ಮೇಲಿನಿಂದ ಬಿದ್ದರೆ ಸಾವು. ಶಿಫ್ಟ್ ಒತ್ತಿ ನಿಧಾನವಾಗಿ ನಡೆದರೆ ಅವುಗಳ ನಡುವೆಯೇ ಹಾದುಹೋಗಬಹುದು. ಒಂದು ಅಂತಸ್ತಿನಿಂದ ಬಿದ್ದರೆ ಏನೂ ಆಗುವುದಿಲ್ಲ, ಎರಡರಿಂದ ಬಿದ್ದರೆ ಒಂದು ಪ್ರಾಣಬಿಂದು (ಪೆಟ್ಟು ತಾಳುವ ಶಕ್ತಿಯ ಅಳತೆ) ಹೋಗುತ್ತದೆ, ಮೂರರಿಂದ ಬಿದ್ದರೆ ಉಳಿಯುವುದಿಲ್ಲ. ಇದು ಕೊನೆಯ ಹಂತದವರೆಗೂ ಬದಲಾಗುವುದಿಲ್ಲ. ಮಾತಿನಲ್ಲಿ ಏನನ್ನೂ ಹೇಳದೆ, ಕೊಟ್ಟ ಮಾತನ್ನು ಹೀಗೆ ಉಳಿಸಿಕೊಳ್ಳುವ ಆಟಗಳು ಇವತ್ತಿಗೂ ಕಡಿಮೆ.

ಮಾತು ತಪ್ಪಿದ ಜಾಗ ಒಂದಿತ್ತು, ಅದು ನಮ್ಮ ಊರಿನವರಿಗೆ ಚೆನ್ನಾಗಿ ಗೊತ್ತು. ಡಾಸ್ ಆವೃತ್ತಿಯಲ್ಲಿ ಮೊದಲ ಹಂತ ಮುಗಿದ ಕೂಡಲೇ ಸೀಸೆಗಳ ಕೋಣೆ ಬರುತ್ತಿತ್ತು. ಪ್ರತಿ ಸೀಸೆಯ ಮೇಲೆ ಒಂದು ಇಂಗ್ಲಿಷ್ ಅಕ್ಷರ. ಕೈಪಿಡಿಯ ಇಂತಿಷ್ಟನೇ ಪುಟದ ಇಂತಿಷ್ಟನೇ ಸಾಲಿನ ಇಂತಿಷ್ಟನೇ ಪದದ ಮೊದಲ ಅಕ್ಷರ ಯಾವುದೋ ಆ ಸೀಸೆಯನ್ನು ಕುಡಿಯಿರಿ ಎಂಬ ಸೂಚನೆ. ಆಟವನ್ನು ಕಳ್ಳತನದಿಂದ ನಕಲು ಮಾಡುವವರನ್ನು ತಡೆಯಲು ಇಟ್ಟ ಬೀಗ ಅದು. ನಮ್ಮ ಫ್ಲಾಪಿ ಕೈಯಿಂದ ಕೈಗೆ ಬಂದದ್ದು, ಕೈಪಿಡಿಯನ್ನು ಯಾರೂ ಕಂಡವರಿಲ್ಲ. ನಮ್ಮ ಬ್ಯಾಚಿನ ಒಬ್ಬ ಗೆಳೆಯ 100 ಪುಟದ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಗೆರೆ ಎಳೆದು ಪುಟ, ಸಾಲು, ಪದ, ಅಕ್ಷರ ಎಂದು ನಾಲ್ಕು ಅಂಕಣ ಮಾಡಿದ್ದ. ಯಾರಿಗೆ ಯಾವ ಪ್ರಶ್ನೆಗೆ ಯಾವ ಅಕ್ಷರ ಹೊಂದಿತೋ ಅವರು ಬಂದು ಬರೆಸಬೇಕು. ಎರಡು ತಿಂಗಳಲ್ಲಿ ಪಟ್ಟಿ ಹೆಚ್ಚುಕಡಿಮೆ ತುಂಬಿತು. ಹಣ ಕೊಟ್ಟು ಕೊಳ್ಳದೆ ಆಡಿದ್ದು ಸರಿಯಲ್ಲ. ನಮ್ಮ ಊರಿನಲ್ಲಿ ಅದನ್ನು ಮಾರುವ ಅಂಗಡಿಯೂ ಇರಲಿಲ್ಲ ಎನ್ನುವುದೂ ನಿಜ. ಆದರೂ ವಿನ್ಯಾಸದ ದೃಷ್ಟಿಯಿಂದ ಹೇಳುತ್ತೇನೆ: ನೋಡು, ಅಳೆ, ನೆಗೆ ಎಂದು ಒಂದು ಹಂತದುದ್ದಕ್ಕೂ ಕಲಿಸಿದ ಆಟ, ಈ ಕೋಣೆಯಲ್ಲಿ ಆ ಕಲಿಕೆಗೆ ಬೆಲೆ ಕೊಡುವುದಿಲ್ಲ. ಅದನ್ನು ಆಟದ ಹೊರಗೆ ಇಡಬೇಕಿತ್ತು.

‘ಮೆಗಾಹಿಟ್’ ಎಂಬ ಪದವನ್ನು ಕೇಳಿದವರೂ ಇಲ್ಲಿ ಇರಬಹುದು, ಹಿಂದಿನ ಸಾಲಿನಲ್ಲಿ ಕೂತ ಅಧ್ಯಾಪಕರ ಮುಖದಲ್ಲಿ ನಗು ಕಾಣುತ್ತಿದೆ. ಆಟವನ್ನು ತೆರೆಯುವಾಗ ಹೆಸರಿನ ಮುಂದೆ ಆ ಪದ ಸೇರಿಸಿದರೆ ಒಂದು ಕೀಲಿಯಿಂದ ಹಂತ ಹಾರಬಹುದಿತ್ತು, ಇನ್ನೊಂದರಿಂದ ಪ್ರಾಣ ಹೆಚ್ಚಿಸಿಕೊಳ್ಳಬಹುದಿತ್ತು. ನಾನೂ ಹಾಗೆ ಹಾರಿ ಕೊನೆಯ ಹಂತ ನೋಡಿದ್ದೇನೆ. ನೋಡಿದ್ದು ನೆನಪಿದೆ, ಆಡಿದ ನೆನಪಿಲ್ಲ.

ಈಗ ದೋಷದ ಮಾತು. ಅದಕ್ಕೆ ಮೊದಲು ಈ ಕಿಟಕಿಯಿಂದ ಹೊರಗೆ ನೋಡಿ.

ಬಳ್ಳಾರಿ ಗುಡ್ಡದ ಮೇಲಿನ ಕೋಟೆ ಹನುಮಪ್ಪ ನಾಯಕನದು. ಕೆಳಗಿನ ಕೋಟೆಯನ್ನು ಕಟ್ಟಿಸಿ, ಮೇಲಿನದನ್ನು ಬಲಪಡಿಸಿದ್ದು ಹೈದರ್ ಅಲಿ, ಒಬ್ಬ ಫ್ರೆಂಚ್ ಎಂಜಿನಿಯರನ ಕೈಯಿಂದ. ಮುಂದಿನದು ಈ ಊರಿನ ಪ್ರತಿ ಮನೆಯಲ್ಲೂ ಹೇಳುವ ಕಥೆ. ಕಟ್ಟಿ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ. ಅಲ್ಲಿ ಫಿರಂಗಿ ಇಟ್ಟವನಿಗೆ ಕೋಟೆಯ ಒಳಗಿನದೆಲ್ಲ ಕಾಣುತ್ತದೆ. ಹೈದರನಿಗೆ ಸಿಟ್ಟು ಬಂದು ಆ ಎಂಜಿನಿಯರನನ್ನು ಗಲ್ಲಿಗೆ ಹಾಕಿಸಿದ ಎನ್ನುತ್ತಾರೆ. ಚಿಕ್ಕಂದಿನಲ್ಲಿ ಈ ಕಥೆ ಕೇಳಿದಾಗ ನನಗೆ ಆ ಎಂಜಿನಿಯರನ ಮೇಲೆ ತುಂಬಾ ಮರುಕವಾಗುತ್ತಿತ್ತು. ಅವನು ಇಟ್ಟ ಒಂದೊಂದು ಕಲ್ಲೂ ಸರಿಯಾಗಿದೆ. ಬುರುಜು ಸರಿ, ಬಾಗಿಲು ಸರಿ, ಕಂದಕ ಸರಿ. ತಪ್ಪು ಕೋಟೆಯ ಒಳಗೆ ಎಲ್ಲೂ ಇಲ್ಲ, ಕೋಟೆಯ ಹೊರಗಿದೆ.

ಪ್ರಿನ್ಸ್ ಆಫ್ ಪರ್ಷಿಯಾದ ಕುಂಬಾರ ಗುಡ್ಡ ಅದರ ಗಡಿಯಾರ.

ಹುಡುಗನಾಗಿದ್ದಾಗ ನನಗೆ ಬಹಳ ಇಷ್ಟವಾಗಿದ್ದೇ ಈ ಗಡಿಯಾರ. ಇಷ್ಟು ಜೀವ, ಅಷ್ಟು ಅಂಕ ಎಂಬ ಲೆಕ್ಕ ಈ ಆಟದಲ್ಲಿ ಇಲ್ಲವೇ ಇಲ್ಲ. ಎಷ್ಟು ಸಲ ಸತ್ತರೂ ಆ ಹಂತದ ಮೊದಲಿನಿಂದ ಮತ್ತೆ ಹೊರಡಬಹುದು. ಕಳೆಯುವುದು ಸಮಯ ಮಾತ್ರ, ಕಳೆದದ್ದು ಮರಳುವುದಿಲ್ಲ. ಸಾವಿಗೂ ಅವಸರಕ್ಕೂ ಅನುಮಾನಕ್ಕೂ ಒಂದೇ ನಾಣ್ಯದಲ್ಲಿ ಬೆಲೆ. ಇದು ಬಹಳ ಸೊಗಸಾದ ಯೋಚನೆ, ಈಗಲೂ ಹಾಗೆಯೇ ಅನ್ನಿಸುತ್ತದೆ.

ತೊಂದರೆ ಎಲ್ಲಿ ಎಂದರೆ, 60 ನಿಮಿಷಕ್ಕೆ 12 ಹಂತ. ಸರಾಸರಿ ಹಂತಕ್ಕೆ 5 ನಿಮಿಷ. ಆದರೆ ಹಂತಗಳು ಸಮನಾಗಿಲ್ಲ. ದಾರಿ ಗೊತ್ತಿದ್ದವನು ಮೊದಲನೆಯದನ್ನು ಬಹಳ ಬೇಗ ಮುಗಿಸುತ್ತಾನೆ, ಮುಂದಿನ ಕೆಲವು ಹಂತಗಳು ಸುತ್ತುಸುತ್ತಾದ ಚಕ್ರವ್ಯೂಹಗಳು. ಈಗ ಒಬ್ಬ ಹುಡುಗಿ ಏಳನೆಯ ಹಂತಕ್ಕೆ ಬಂದಿದ್ದಾಳೆ, 20 ನಿಮಿಷ ಉಳಿದಿದೆ ಎಂದುಕೊಳ್ಳಿ. ಮುಂದಿನ ಆರು ಹಂತಗಳನ್ನು ಎಂದೂ ನೋಡದವಳಿಗೆ ಅಷ್ಟು ಸಮಯ ಸಾಲುವುದಿಲ್ಲ. ಅವಳು ಅಲ್ಲಿಗೇ ಸೋತಿದ್ದಾಳೆ, ಆದರೆ ಅದು ಅವಳಿಗೆ ಗೊತ್ತಿಲ್ಲ. ಆಟ ಹೇಳುವುದೂ ಇಲ್ಲ. ಸ್ಪೇಸ್ ಒತ್ತಿದರೆ ಎಷ್ಟು ನಿಮಿಷ ಉಳಿದಿದೆ ಎನ್ನುತ್ತದೆ, ಎಷ್ಟು ಬೇಕು ಎನ್ನುವುದಿಲ್ಲ. ಮೂರನೆಯ ಹಂತದಿಂದ ಆಟವನ್ನು ಉಳಿಸಿಡಬಹುದು, ಆದರೆ ಉಳಿಯುವುದು ಆ ಸೋತ ಸಮಯವೇ. ಉಳಿಸಲು ಇರುವ ಜಾಗವೂ ಒಂದೇ.

ನಮ್ಮ ಕೇಂದ್ರದಲ್ಲಿ ಇದರ ಪೆಟ್ಟು ಇನ್ನೂ ಜೋರಾಗಿ ಬೀಳುತ್ತಿತ್ತು. ಚಪ್ಪಲಿ ಹೊರಗೆ ಬಿಟ್ಟು ಆ ತಣ್ಣನೆಯ ಕೋಣೆಗೆ ಹೋದರೆ ನಮ್ಮ ಪಾಲಿಗೆ ಸಿಗುತ್ತಿದ್ದದ್ದು ಒಂದು ಗಂಟೆ. ಹಾಜರಿ, ಯಂತ್ರ ಶುರುವಾಗುವುದು ಎಲ್ಲ ಕಳೆದರೆ ಐವತ್ತು ನಿಮಿಷ. 60 ನಿಮಿಷದ ಆಟ ಅದರಲ್ಲಿ ಮುಗಿಯುವಂತಿರಲಿಲ್ಲ. ಉಳಿಸಿ ಹೋದರೆ ಮಧ್ಯಾಹ್ನದ ಬ್ಯಾಚಿನವರು ಅದರ ಮೇಲೆಯೇ ತಮ್ಮದನ್ನು ಉಳಿಸಿರುತ್ತಿದ್ದರು. ಒಮ್ಮೆ ನಾನು 31 ನಿಮಿಷ ಉಳಿಸಿಕೊಂಡು ಆರನೆಯ ಹಂತ ತಲುಪಿದ್ದೆ. ಮರುದಿನ ತೆರೆದರೆ ಯಾರದೋ ಮೂರನೆಯ ಹಂತ, 22 ನಿಮಿಷ. ಆ ಅಂಕಿಗಳು ಇವತ್ತಿಗೂ ಮರೆತಿಲ್ಲ.

ಪ್ರತಿ ಕೋಣೆಯನ್ನೂ ನ್ಯಾಯವಾಗಿ ಕಟ್ಟಿದ ಮನುಷ್ಯ, ಕೋಣೆಗಳೆಲ್ಲ ಸೇರಿದಾಗ ಆಗುವ ಅನ್ಯಾಯವನ್ನು ಒಪ್ಪಿಕೊಂಡ. ಇದಕ್ಕೆ ಪರಿಹಾರ ಇತ್ತು ಎಂದು ನನ್ನ ಅಭಿಪ್ರಾಯ. ಒಂದೊಂದು ಹಂತದ ಬಾಗಿಲಿಗೂ ನೀವು ತಲುಪಿದ ಅತ್ಯುತ್ತಮ ಸಮಯವನ್ನು ಯಂತ್ರ ನೆನಪಿಟ್ಟುಕೊಂಡು, ಅಲ್ಲಿಂದ ಮತ್ತೆ ಹೊರಡಲು ಬಿಟ್ಟಿದ್ದರೆ ಗಡಿಯಾರದ ಬಿಗಿಯೂ ಉಳಿಯುತ್ತಿತ್ತು, ಗೊತ್ತಾಗದೆ ಸೋಲುವುದೂ ತಪ್ಪುತ್ತಿತ್ತು. ಫ್ಲಾಪಿಯಲ್ಲಿ ಹನ್ನೆರಡು ಸಂಖ್ಯೆಗಳಿಗೆ ಜಾಗ ಖಂಡಿತ ಇತ್ತು.

ಜಾಗದ ಮಾತು ಬಂತು. ಆ್ಯಪಲ್ 2ರ ನೆನಪಿನಲ್ಲಿ (ಮೆಮೊರಿಯಲ್ಲಿ) ನಿಜಕ್ಕೂ ಜಾಗ ಉಳಿದಿರಲಿಲ್ಲ. ರಾಜಕುಮಾರನ ಚಲನೆಯ ಚಿತ್ರಗಳೇ ಎಲ್ಲವನ್ನೂ ತುಂಬಿಬಿಟ್ಟಿದ್ದವು. ಎದುರಾಳಿಗಳೇ ಇಲ್ಲದ ಆಟವಾಗಿ ಇದು ಬೆಳೆಯುತ್ತಿತ್ತು. ಕಾಳಗ ಬೇಕು ಎಂದು ಪಟ್ಟು ಹಿಡಿದವರು ಟೋಮಿ ಪಿಯರ್ಸ್ ಎಂಬ ಸಹೋದ್ಯೋಗಿ. ಇನ್ನೊಬ್ಬ ಮನುಷ್ಯನ ಚಿತ್ರಗಳಿಗೆ ಜಾಗ ಎಲ್ಲಿಂದ ತರುವುದು? ಮೆಕ್ನರ್ ರಾಜಕುಮಾರನ ಚಿತ್ರವನ್ನೇ ಒಂದು ಬಿಟ್ ಪಕ್ಕಕ್ಕೆ ಸರಿಸಿ, ಅದನ್ನು ಅದರ ಮೇಲೆಯೇ ಎಕ್ಸಾರ್ ಮಾಡಿದರು. ನಿಮಗೆ ಗೊತ್ತಿರುವ ಲೆಕ್ಕವೇ: ಎರಡು ಬಿಟ್ ಒಂದೇ ಆಗಿದ್ದರೆ ಸೊನ್ನೆ, ಬೇರೆಯಾಗಿದ್ದರೆ ಒಂದು. ಮೈ ಒಳಗಿನದೆಲ್ಲ ಅಳಿಸಿಹೋಗಿ ಅಂಚುಗಳು ಮಾತ್ರ ಮಿನುಗುತ್ತ ಉಳಿದವು. ನೆನಪಿನಲ್ಲಿ ಹೆಚ್ಚಿನ ಚಿತ್ರಗಳನ್ನು ಇಡದೆ ಎರಡನೆಯ ಪಾತ್ರ ಹುಟ್ಟಿತು. ಅದೇ ನೆರಳು ಮನುಷ್ಯ. ಕಾವಲುಗಾರರು ಬಂದದ್ದು ಆಮೇಲೆ, ಬೇರೆ ಕಡೆ ಜಾಗ ಬಿಡಿಸಿಕೊಂಡ ಮೇಲೆ.

ನಾಲ್ಕನೆಯ ಹಂತದ ಕೊನೆಗೆ ದಾರಿಗೆ ಅಡ್ಡವಾಗಿ ಒಂದು ಕನ್ನಡಿ ಕಾಣಿಸಿಕೊಳ್ಳುತ್ತದೆ. ಓಡಿ ಬಂದು ಅದರೊಳಗಿಂದಲೇ ನೆಗೆಯಬೇಕು. ನೀವು ಈ ಕಡೆ ಇಳಿಯುವಾಗ ನಿಮ್ಮ ನೆರಳು ಆ ಕಡೆ ಇಳಿದು ಓಡಿಹೋಗುತ್ತದೆ. ಪ್ರಾಣಬಿಂದುಗಳು ಒಂದಕ್ಕೆ ಇಳಿಯುತ್ತವೆ. ಐದನೆಯ ಹಂತದಲ್ಲಿ ನೀವು ಕುಡಿಯಬೇಕಿದ್ದ ಸೀಸೆಯನ್ನು ಅವನು ಮೊದಲೇ ಕುಡಿದುಬಿಡುತ್ತಾನೆ. ಆರನೆಯದರಲ್ಲಿ ನಿಮ್ಮ ಎದುರೇ ಬಾಗಿಲು ಮುಚ್ಚಿಸುತ್ತಾನೆ. ಹನ್ನೆರಡನೆಯ ಹಂತದಲ್ಲಿ ಕತ್ತಿ ಹಿಡಿದು ಎದುರಿಗೆ ನಿಲ್ಲುತ್ತಾನೆ.

ಹನ್ನೊಂದು ಹಂತ ಆಟ ನಮಗೆ ಕಲಿಸಿದ್ದು, ಎದುರು ಬಂದವನ ಮೇಲೆ ಕತ್ತಿ ಎತ್ತು ಎಂದು. ಇಲ್ಲಿ ಹಾಗೆ ಮಾಡಿ ಅವನಿಗೆ ಒಂದು ಏಟು ಕೊಡಿ, ನಿಮ್ಮ ಪ್ರಾಣಬಿಂದುವೂ ಒಂದು ಕಡಿಮೆಯಾಗುತ್ತದೆ. ಅವನನ್ನು ಕೊಂದರೆ ನೀವೂ ಸಾಯುತ್ತೀರಿ. ಪರದೆಯ ಮೇಲೆ ಒಂದು ಅಕ್ಷರವೂ ಬರುವುದಿಲ್ಲ. ಕೆಳಗಿನ ಬಾಣ ಒತ್ತಿ ಕತ್ತಿಯನ್ನು ಒರೆಗೆ ಹಾಕಿದರೆ ಅವನೂ ಹಾಕುತ್ತಾನೆ. ಇಬ್ಬರೂ ಒಬ್ಬರೊಳಗೊಬ್ಬರು ಹಾಯ್ದು ಒಂದಾಗುತ್ತಾರೆ. ಅದರ ಆಚೆಗೆ ಬರೀ ಶೂನ್ಯ. ಅದರ ಮೇಲೆ ಕಾಲಿಟ್ಟರೆ ಕಾಲಿಟ್ಟಲ್ಲೆಲ್ಲ ನೆಲ ಮೂಡುತ್ತದೆ. ಹೊಂಡಕ್ಕೆ ಬೀಳುವ ಭಯವನ್ನೇ ಕಲಿಸಿದ ಆಟ, ಆ ಭಯವನ್ನು ಬಿಡಲು ಕೇಳುವುದು ಇದೊಂದೇ ಕಡೆ. ಮೂರನೆಯ ಹಂತದ ಅಸ್ಥಿಪಂಜರದ ಕಾಳಗದಲ್ಲಿ ಇಂತಹ ಸುಳಿವು ಇಲ್ಲ. ಅದು ಕತ್ತಿಗೆ ಸಾಯುವುದಿಲ್ಲ, ಹಿಂದಕ್ಕೆ ತಳ್ಳಿ ಕಂದಕಕ್ಕೆ ಬೀಳಿಸಬೇಕು. ಅದು ತಿಳಿಯುವಷ್ಟರಲ್ಲಿ ಅನೇಕ ನಿಮಿಷ ಹೋಗಿರುತ್ತವೆ. ಆದರೆ ನೆರಳಿನ ಕಾಳಗದಲ್ಲಿ ಮೊದಲ ಏಟೇ ಪಾಠ.

ಉಳಿದ ದೂರುಗಳು ಸಣ್ಣವು. ರಾಜಕುಮಾರಿಗೆ ಮರಳು ಗಡಿಯಾರದ ಪಕ್ಕದಲ್ಲಿ ಕಾಯುವುದನ್ನು ಬಿಟ್ಟರೆ ಮಾಡಲು ಹೆಚ್ಚೇನೂ ಇಲ್ಲ. ಅಕ್ಕನ ಮಗಳು ಇದನ್ನು ಎರಡನೆಯ ದಿನವೇ ಕೇಳಿದಳು, ನನ್ನಲ್ಲಿ ಉತ್ತರವಿರಲಿಲ್ಲ. ರಾಜಕುಮಾರಿ ಮಾಡುವ ಒಂದು ಕೆಲಸವೆಂದರೆ ಒಂದು ಬಿಳಿ ಇಲಿಯನ್ನು ಕಳಿಸುವುದು. ಎಂಟನೆಯ ಹಂತದ ಕೊನೆಗೆ ನೀವು ಮುಚ್ಚಿದ ಬಾಗಿಲಿನ ಹಿಂದೆ ಸಿಕ್ಕಿಬೀಳುತ್ತೀರಿ. ಏನೂ ಮಾಡುವಂತಿಲ್ಲ. ಗಡಿಯಾರ ಓಡುತ್ತಿದೆ. ಸುಮ್ಮನೆ ನಿಂತರೆ ಆ ಇಲಿ ಪುಟುಪುಟು ಓಡಿ ಬಂದು ಬಾಗಿಲು ತೆರೆಯುವ ಹಲಗೆಯನ್ನು ತುಳಿಯುತ್ತದೆ. ಇಡೀ ಆಟದಲ್ಲಿ ಕಾಯುವುದೇ ಸರಿಯಾದ ನಡೆ ಆಗಿರುವ ಜಾಗ ಅದು.

ಈ ಆಟದ ಮೂಲ ಸಂಕೇತ (ಸೋರ್ಸ್ ಕೋಡ್) ಕಳೆದುಹೋಗಿದೆ ಎಂದೇ ಬಹಳ ವರ್ಷ ಎಲ್ಲರೂ ತಿಳಿದಿದ್ದರು. 2012ರಲ್ಲಿ ಮೆಕ್ನರ್ ಅವರ ತಂದೆಗೆ ಮನೆಯಲ್ಲಿ ಹಳೆಯ ಫ್ಲಾಪಿಗಳ ಪೆಟ್ಟಿಗೆ ಸಿಕ್ಕಿತು. ಈ ಆಟದ ಸಂಗೀತ ಮಾಡಿದವರೂ ಅವರೇ, ಫ್ರಾನ್ಸಿಸ್ ಮೆಕ್ನರ್. ಅದರಿಂದ ಹೊರತೆಗೆದ ಸಂಕೇತ ಈಗ ಎಲ್ಲರಿಗೂ ಓದಲು ಸಿಗುತ್ತದೆ. ಅಸೆಂಬ್ಲಿ ಭಾಷೆ ಓದಬಲ್ಲವರು ನಿಮ್ಮಲ್ಲಿ ಇದ್ದರೆ ನೆರಳು ಮನುಷ್ಯನ ಭಾಗವನ್ನು ಹುಡುಕಿ ನೋಡಿ.

ಪಕ್ಕದ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್ ಇಟ್ಟಿದ್ದೇನೆ, ಎರಡರಲ್ಲೂ ಮೊದಲ ಹಂತ ತೆರೆದಿದೆ. ಚಹಾ ಬರುವವರೆಗೆ ಒಬ್ಬೊಬ್ಬರಾಗಿ ಆಡಿ. ಬಾಣದ ಕೀಲಿಗಳು ಮತ್ತು ಶಿಫ್ಟ್ ಸಾಕು. ಹೊರಡುವ ಮೊದಲು ನಿಂತಲ್ಲೇ ಒಮ್ಮೆ ನೆಗೆದು, ಯಾವ ಕಲ್ಲು ಅಲುಗಾಡುತ್ತದೆ ಎಂದು ನೋಡಿಕೊಳ್ಳಿ.